ಕಿವಿರು ಕರಗುವ ಹೊತ್ತಿನಲ್ಲಿ ಮದ್ದಿನ ಬಾಟಲಿ ಮುಟ್ಟಬೇಡಿ

ನ್ಯೂಟ್ ಎಂದರೆ ಹಲ್ಲಿಯಂತೆ ಕಾಣುವ, ಬಾಲವಿರುವ ಉಭಯವಾಸಿ, ಕಪ್ಪೆಯ ನೆಂಟ. ಅದರ ಮರಿಗಳ ಬಗ್ಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಮುಗಿಯುತ್ತವೆ: 'ಯಾವ ಮದ್ದು ಹಾಕಲಿ?' ನೀರಿನ ಉಷ್ಣತೆ ಎಷ್ಟು, ಆಳ ಎಷ್ಟು, ಅಮೋನಿಯಾ ಎಷ್ಟು ಎಂದು ಬರೆದಿರುವುದಿಲ್ಲ. ಈ ಸಲ ಒಬ್ಬರು ಅಳತೆಗಳನ್ನು ಕೊಟ್ಟಿದ್ದಾರೆ, ಅದಕ್ಕೇ ಅವರಿಗೆ ಹೆಚ್ಚು ಜಾಗ. ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಳಿಸುವುದು ಹೇಗೆ, ನಲ್ಲಿ ನೀರಿನ ಕ್ಲೋರಿನ್ ತೆಗೆಯುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದೆ ಮೊಟ್ಟೆ ತಂದಿದ್ದರೆ ಮೊದಲು ಅದನ್ನು ಕಲಿಯಿರಿ.

ಪ್ರಶ್ನೆ: ನಾವು ಜರ್ಮನಿಯಲ್ಲಿದ್ದೇವೆ. ಚೀನಾದ ಫೈರ್ ಬೆಲ್ಲಿ ನ್ಯೂಟ್‌ನ 22 ಮರಿಗಳು ಹನ್ನೊಂದು ವಾರ ಚೆನ್ನಾಗಿದ್ದವು. ಈಗ ಕಿವಿರು ಸಣ್ಣದಾಗುತ್ತಿದೆ, ಊಟ ಬಿಟ್ಟಿವೆ. ಮೂರು ಮರಿ ಸತ್ತು ತೇಲಿದವು. ಒಂದರ ಹೊಟ್ಟೆ ಉಬ್ಬಿದೆ, ಇನ್ನೊಂದರ ಬೆರಳಿಗೆ ಬಿಳಿ ಹತ್ತಿಯಂಥದ್ದು ಹತ್ತಿದೆ. ನೀರು 20 ಸೆಂ.ಮೀ. ಆಳ. ಶಿಲೀಂಧ್ರ ಸಾಯಲಿ ಎಂದು ಹೀಟರ್ ಹಾಕಿ 25 ಡಿಗ್ರಿ ಮಾಡಿದ್ದೇವೆ. ಮೆಥಿಲೀನ್ ಬ್ಲೂ ಹಾಕಿದ್ದೇವೆ, ಲೀಟರಿಗೆ ಎರಡು ಟೀ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಅದ್ದಿದ್ದೂ ಆಯಿತು. ಇನ್ನು ಯಾವ ಆಂಟಿಬಯೋಟಿಕ್ ಕೊಡಲಿ?

ಉತ್ತರ: ಯಾವುದೂ ಬೇಡ. ಇದನ್ನು ಓದಿ ಮುಗಿಸುವ ಮೊದಲು ಎದ್ದು ಹೋಗಿ ಹೀಟರ್ ತೆಗೆಯಿರಿ, ನೀರನ್ನು 3 ಸೆಂ.ಮೀ.ಗೆ ಇಳಿಸಿ, ಆಮೇಲೆ ಬನ್ನಿ.

ನೀವು ಒಂದು ರೋಗ ಎಂದುಕೊಂಡದ್ದರಲ್ಲಿ ಐದು ಬೇರೆ ಬೇರೆ ಸಂಗತಿಗಳಿವೆ. ಕಿವಿರು ಕುಗ್ಗುವುದು ರೋಗವಲ್ಲ, ರೂಪಾಂತರ, ಎಂದರೆ ನೀರಿನ ಮರಿ ನೆಲದ ಪ್ರಾಣಿಯಾಗುವುದು. ಊಟ ಬಿಡುವುದೂ ರೋಗವಲ್ಲ. ಬಾಯಿ, ನಾಲಿಗೆ, ಕರುಳು ಎಲ್ಲವೂ ಹೊಸದಾಗಿ ಕಟ್ಟಿಕೊಳ್ಳುತ್ತಿರುವಾಗ ಮರಿ ಕೆಲವು ದಿನ, ಒಮ್ಮೊಮ್ಮೆ ಒಂದು ವಾರಕ್ಕೂ ಮೇಲೆ, ಬಾಲದ ರೆಕ್ಕೆ ಮತ್ತು ಮೈಯ ಕೊಬ್ಬು ಕರಗಿಸಿಕೊಂಡೇ ಬದುಕುತ್ತದೆ. ಸತ್ತು ತೇಲಿದ ಮೂರು ಬಹುತೇಕ ಮುಳುಗಿ ಸತ್ತವು. ಕಿವಿರು ಅರ್ಧಕ್ಕಿಂತ ಕಡಿಮೆಯಾದ ಮರಿ ಶ್ವಾಸಕೋಶದಿಂದ ಉಸಿರಾಡಬೇಕು; ಬಾಲದ ರೆಕ್ಕೆ ಹೋಗಿರುವುದರಿಂದ ಈಜುವ ಬಲವೂ ಕಡಿಮೆ. 20 ಸೆಂ.ಮೀ. ಆಳದ, ನುಣುಪು ಗಾಜಿನ ಗೋಡೆಯ ಟ್ಯಾಂಕಿನಲ್ಲಿ ಅದು ಮೇಲೆ ಬಂದು, ಹಿಡಿಯಲು ಏನೂ ಸಿಗದೆ, ಸುಸ್ತಾಗಿ ಕೆಳಗೆ ಹೋಗುತ್ತದೆ. ನೀರಿನ ಜೀವಿ ನೀರಿನಲ್ಲಿ ಮುಳುಗುತ್ತದೆಯೇ ಎಂದು ಕೇಳುವವರಿಗೆ ಇದೇ ಉತ್ತರ. ನಿಜವಾಗಿ ಕಾಯಿಲೆ ಎನ್ನಬಹುದಾದದ್ದು ಉಬ್ಬಿದ ಹೊಟ್ಟೆ ಮತ್ತು ಬಿಳಿ ಹತ್ತಿ, ಎರಡೇ.

ಮೊದಲು ಮನೆ ಸರಿಮಾಡಿ. ಸುಮಾರು 30×20 ಸೆಂ.ಮೀ.ನ ಪ್ಲಾಸ್ಟಿಕ್ ಡಬ್ಬಿ ಸಾಕು. ಒಂದು ತುದಿಯ ಕೆಳಗೆ ಪುಸ್ತಕವಿಟ್ಟು 4 ಸೆಂ.ಮೀ. ಎತ್ತರಿಸಿ. ತಗ್ಗಿನ ಕಡೆ 3 ಸೆಂ.ಮೀ. ನೀರು, ಎತ್ತರದ ಕಡೆ ಬಣ್ಣ, ಸುವಾಸನೆ ಇಲ್ಲದ ಪೇಪರ್ ಟವಲ್ ನೆನೆಸಿ ಹಾಸಿ. ನೀರು ಮತ್ತು ಟವಲ್ ಸೇರುವಲ್ಲಿ ಜಾವಾ ಪಾಚಿಯ ಒಂದು ಮುದ್ದೆ, ಅದರ ತಲೆ ನೀರಿನಿಂದ ಹೊರಗಿರಲಿ. ಮರಿ ತನಗೆ ಬೇಕಾದಾಗ ಹತ್ತುತ್ತದೆ. ನೀವು ಎತ್ತಿ ದಡಕ್ಕೆ ಹಾಕುವುದು ಬೇಡ. ಪಂಪು ಇರುವ ಫಿಲ್ಟರ್ ಬೇಡವೇ ಬೇಡ. ಪ್ರತಿದಿನ ಪೂರ್ತಿ ನೀರು ಬದಲಿಸಿ. ಹೊಸ ನೀರು ಕ್ಲೋರಿನ್ ತೆಗೆದದ್ದಾಗಿರಲಿ, ಹಳೆಯ ನೀರಿನಷ್ಟೇ ತಂಪಿರಲಿ. ಉಷ್ಣತೆ 17ರಿಂದ 19 ಡಿಗ್ರಿ. 25ರಿಂದ ಒಮ್ಮೆಗೇ ಇಳಿಸಬೇಡಿ, ಒಂದು ದಿನದ ಉದ್ದಕ್ಕೂ ನಿಧಾನವಾಗಿ ಇಳಿಸಿ. ಡಬ್ಬಿಗೆ ಸಣ್ಣ ತೂತುಗಳ ಬಿಗಿ ಮುಚ್ಚಳ ಇರಲೇಬೇಕು. ಒದ್ದೆ ಮೈಯ ಈ ಪುಟ್ಟ ಪ್ರಾಣಿ ನೆಟ್ಟಗಿನ ಗಾಜನ್ನೂ ಹತ್ತುತ್ತದೆ, ಆಮೇಲೆ ಸೋಫಾ ಕೆಳಗೆ ಒಣಗಿ ಕಡ್ಡಿಯಾಗಿ ಸಿಗುತ್ತದೆ. ಒಂದು ಡಬ್ಬಿಗೆ ಐದಾರು ಮರಿ, ಅದೂ ಒಂದೇ ಗಾತ್ರದವು. ಕಾಯಿಲೆಯ ಎರಡಕ್ಕೂ ಬೇರೆ ಬೇರೆ ಡಬ್ಬಿ.

25 ಡಿಗ್ರಿಯ ಉಪಾಯ ಎಲ್ಲಿಂದ ಬಂತೆಂದು ಊಹಿಸಬಲ್ಲೆ. 2013ರಲ್ಲಿ ವಿಜ್ಞಾನಿಗಳು ಬಿಸಾಲ್ ಎಂಬ ಶಿಲೀಂಧ್ರವನ್ನು ಗುರುತಿಸಿದರು. ನೆದರ್ಲೆಂಡ್ಸ್‌ನಲ್ಲಿ ನ್ಯೂಟ್‌ನ ನೆಂಟರಾದ ಫೈರ್ ಸಾಲಮ್ಯಾಂಡರ್‌ಗಳನ್ನು ಬಹುಮಟ್ಟಿಗೆ ಅಳಿಸಿದ್ದು ಅದೇ. ಅದಕ್ಕೆ ತಂಪು ಬೇಕು, ಸೆಕೆ ಆಗದು. ಸೋಂಕಿತ ಫೈರ್ ಸಾಲಮ್ಯಾಂಡರ್‌ಗಳನ್ನು ಹತ್ತು ದಿನ 25 ಡಿಗ್ರಿಯಲ್ಲಿಟ್ಟಾಗ ಸೋಂಕು ಹೋದದ್ದು ನಿಜ. ಆದರೆ ಅವು ರೂಪಾಂತರ ಮುಗಿಸಿದ, ನೆಲದ ಮೇಲಿನ, ಪರೀಕ್ಷೆಯಲ್ಲಿ ರೋಗ ಖಚಿತವಾದ ಪ್ರಾಣಿಗಳು. ನಿಮ್ಮವು ನೀರಿನಲ್ಲಿವೆ, ಅರ್ಧ ಕಿವಿರಿನಲ್ಲಿವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಮರಿಗೆ ಬೇಕಾದ ಆಮ್ಲಜನಕ ಹೆಚ್ಚು. ಜೊತೆಗೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಓದಿದ್ದನ್ನು ಅರ್ಧ ಓದಿ ಹೀಟರ್ ಹಾಕುವುದಕ್ಕಿಂತ ಏನೂ ಓದದಿರುವುದೇ ಮೇಲಿತ್ತು.

ಮದ್ದು ಏಕೆ ಬೇಡ? ಈ ದಿನಗಳಲ್ಲಿ ಮರಿಯ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಮತ್ತು ಒತ್ತಡದ ಹಾರ್ಮೋನ್ ಎರಡೂ ಏರಿರುತ್ತವೆ. ಉಭಯವಾಸಿಗಳಲ್ಲಿ ಲಾರ್ವ ಕಾಲದ ರೋಗನಿರೋಧಕ ಕಣಗಳು ಆಗ ಬಹಳಷ್ಟು ಸಾಯುತ್ತವೆ, ದೊಡ್ಡ ಪ್ರಾಣಿಯ ಕಣಗಳು ಇನ್ನೂ ತಯಾರಾಗುತ್ತಿರುತ್ತವೆ. ಚರ್ಮವೂ ಬದಲಾಗುತ್ತಿರುತ್ತದೆ, ಕಳಚುತ್ತಿರುತ್ತದೆ. ನೀರಿಗೆ ಹಾಕಿದ್ದೆಲ್ಲ ಆ ಚರ್ಮದ ಮೂಲಕ ನೇರವಾಗಿ ಒಳಗೆ ಹೋಗುತ್ತದೆ. ಇನ್ನು ನಿಮ್ಮ ಉಪ್ಪಿನ ಲೆಕ್ಕ ನೋಡಿ: ಒಂದು ಟೀ ಚಮಚ ಉಪ್ಪು 5ರಿಂದ 6 ಗ್ರಾಂ, ಎಂದರೆ ಲೀಟರಿಗೆ 10ರಿಂದ 12 ಗ್ರಾಂ. ಉಭಯವಾಸಿಯ ಮೈಯೊಳಗಿನ ದ್ರವದ ಉಪ್ಪು ಲೀಟರಿಗೆ ಸುಮಾರು 6.5 ಗ್ರಾಂಗೆ ಸಮ. ಆ ಹತ್ತು ನಿಮಿಷ ನೀವು ಮರಿಯ ಮೈಯಿಂದ ನೀರು ಹಿಂಡಿದಿರಿ. ಅದು ಬೆಳೆದ ಆಕ್ಸೊಲಾಟಲ್‌ಗೆ (ಬಾಳೆಲ್ಲ ಕಿವಿರಿಟ್ಟುಕೊಂಡು ನೀರಿನಲ್ಲೇ ಇರುವ ದೊಡ್ಡ ಸಾಲಮ್ಯಾಂಡರ್) ಹೇಳಿದ ಅದ್ದು, 3 ಸೆಂ.ಮೀ. ಮರಿಗಲ್ಲ. ಮೆಥಿಲೀನ್ ಬ್ಲೂ ಹಾಕಿದ್ದರಿಂದ ಟ್ಯಾಂಕಿನಲ್ಲಿ ಅಮೋನಿಯಾ ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬಿದ್ದಿರುತ್ತದೆ, ಇವತ್ತೇ ಅಮೋನಿಯಾ, ನೈಟ್ರೈಟ್ ನೋಡಿ. ಎರಡೂ ಸೊನ್ನೆ ಇರಬೇಕು, 'ಸ್ವಲ್ಪ' ಅಲ್ಲ.

ಆಂಟಿಬಯೋಟಿಕ್ ಲೆಕ್ಕವನ್ನೂ ಮಾಡಿ ತೋರಿಸುತ್ತೇನೆ. ಎನ್ರೋಫ್ಲಾಕ್ಸಸಿನ್ ಉಭಯವಾಸಿಗಳಿಗೆ ಕಿಲೋ ತೂಕಕ್ಕೆ 5ರಿಂದ 10 ಮಿಲಿಗ್ರಾಂ. ನಿಮ್ಮ ಮರಿ 0.3 ಗ್ರಾಂ ಇದ್ದರೆ, ಹೆಚ್ಚೆಂದರೆ 0.003 ಮಿಲಿಗ್ರಾಂ ಬೇಕು. ಒಂದು ಮಿಲೀಲೀಟರಿಗೆ 25 ಮಿಲಿಗ್ರಾಂ ಇರುವ ಬಾಟಲಿಯಿಂದ ಒಂದು ತೊಟ್ಟು ಹಾಕಿದರೆ ನಾನೂರು ಪಟ್ಟು ಹೆಚ್ಚಾಯಿತು. ಇದನ್ನು ಪಶುವೈದ್ಯರು ದುರ್ಬಲಗೊಳಿಸಿ ಕೊಡಬೇಕು, ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ.

ಉಬ್ಬಿದ ಹೊಟ್ಟೆಗೆ ಬರೋಣ. ಮರಿಯನ್ನು ಪಾರದರ್ಶಕ ಲೋಟದಲ್ಲಿಟ್ಟು ಹಿಂದಿನಿಂದ ಟಾರ್ಚ್ ಬಿಡಿ. ಒಳಗೆ ಕಪ್ಪು ಮುದ್ದೆ ಕಂಡರೆ ತಿಂದದ್ದು ಅಥವಾ ಜಲ್ಲಿಕಲ್ಲು. ಬೆಳ್ಳಿಯ ಗುಳ್ಳೆ ಕಂಡು ಮರಿ ಒಂದು ಕಡೆಗೆ ವಾಲಿ ತೇಲುತ್ತಿದ್ದರೆ ಗಾಳಿ; ಶ್ವಾಸಕೋಶ ತುಂಬಿಕೊಳ್ಳುವ ದಿನಗಳಲ್ಲಿ ಇದು ಆಗುತ್ತದೆ, ಕಡಿಮೆ ನೀರಿನಲ್ಲಿ ಬಿಟ್ಟರೆ ಬಹುಪಾಲು ತಾನೇ ಸರಿಹೋಗುತ್ತದೆ. ಎರಡೂ ಪಕ್ಕ ಸಮವಾಗಿ ಉಬ್ಬಿ, ಚರ್ಮ ಬಿಗಿದು, ಬೆಳಕು ಸರಾಗವಾಗಿ ದಾಟಿದರೆ ನೀರು ತುಂಬಿದೆ. ಮೂತ್ರಪಿಂಡ ಸೋತಿದೆ ಅಥವಾ ಬ್ಯಾಕ್ಟೀರಿಯಾ ಒಳಹೊಕ್ಕಿದೆ. ಆಗ ಮನೆಯಲ್ಲಿ ಮಾಡಬಹುದಾದದ್ದು ಒಂದೇ, ಮೈಯೊಳಕ್ಕೆ ನುಗ್ಗುವ ನೀರನ್ನು ತಗ್ಗಿಸುವುದು. ಅದಕ್ಕೆ ಹೋಲ್ಟ್‌ಫ್ರೆಟರ್ ದ್ರಾವಣ. 10 ಲೀಟರಿಗೆ ಅಯೋಡಿನ್ ಇಲ್ಲದ ಉಪ್ಪು 34.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.5 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 1 ಗ್ರಾಂ, ಅಡುಗೆ ಸೋಡಾ 2 ಗ್ರಾಂ. ಒಂದು ಲೀಟರ್ ಮಾಡಲು ಹೋಗಬೇಡಿ, 0.05 ಗ್ರಾಂ ತೂಗುವ ತಕ್ಕಡಿ ನಿಮ್ಮಲ್ಲಿರುವುದಿಲ್ಲ. ಮೊದಲ ದಿನ ಇದಕ್ಕೆ ಅಷ್ಟೇ ಸಿಹಿನೀರು ಬೆರೆಸಿ, ಮರುದಿನದಿಂದ ಪೂರ್ತಿ ದ್ರಾವಣ. 2 ಸೆಂ.ಮೀ. ಆಳ, ದಿನವೂ ಹೊಸದು, ಒಂದು ವಾರದೊಳಗೆ ಇಳಿಯದಿದ್ದರೆ ವೈದ್ಯರು. ತೊಡೆಯಲ್ಲಿ, ಹೊಟ್ಟೆಯ ಅಡಿಯಲ್ಲಿ ರಕ್ತ ಚುಕ್ಕೆ ಕಂಡರೆ ವಾರ ಕಾಯಬೇಡಿ. ಸೂಜಿ ಚುಚ್ಚಿ ನೀರು ತೆಗೆಯುವ ವಿಡಿಯೋ ಮಾಡುವವರಿಗೆ ಹೇಳಲು ನನ್ನಲ್ಲಿ ಸಭ್ಯ ಮಾತಿಲ್ಲ.

ಬಿಳಿ ಹತ್ತಿ ಸಾಪ್ರೋಲೆಗ್ನಿಯಾ ಎಂಬ ನೀರಿನ ಬೂಷ್ಟು. ಅದು ಗಟ್ಟಿ ಚರ್ಮಕ್ಕೆ ಹತ್ತುವುದು ಅಪರೂಪ, ಸತ್ತ ಅಂಗಾಂಶ ಹುಡುಕಿ ಬರುತ್ತದೆ. ಬೆರಳಿಗೆ ಹತ್ತಿದೆ ಎಂದರೆ ಆ ಬೆರಳನ್ನು ಬಹುಶಃ ಪಕ್ಕದ ಮರಿ ಕಚ್ಚಿದೆ. ಕಿವಿರಿನ ಮೊಂಡು ತುದಿಗೂ ಹೀಗೇ ಹತ್ತುತ್ತದೆ. ಬೇರೆ ಇಡಿ, ತಂಪು ಶುದ್ಧ ನೀರು ಕೊಡಿ. ಮರಿ ನೀರು ಬಿಡುವ ಹಂತದಲ್ಲಿದ್ದರೆ ಒದ್ದೆ ಟವಲ್ ಮೇಲೆ ಹೆಚ್ಚು ಜಾಗ ಕೊಡಿ. ಹೋದ ಬೆರಳು ಮತ್ತೆ ಬೆಳೆಯುತ್ತದೆ, ನ್ಯೂಟ್‌ಗೆ ಅದು ದೊಡ್ಡ ವಿಷಯವಲ್ಲ. ಮಲಾಕೈಟ್ ಗ್ರೀನ್, ತಾಮ್ರ ಇರುವ ಮೀನಿನ ಮದ್ದುಗಳನ್ನು ಮಾತ್ರ ಮನೆಯಿಂದಲೇ ಆಚೆ ಹಾಕಿ.

ಹತ್ತಿಯಂತೆ ಕಾಣದ, ಚರ್ಮದಲ್ಲಿ ದುಂಡಗೆ ತೂತು ಬಿದ್ದಂಥ ಹುಣ್ಣು, ಮತ್ತೆ ಮತ್ತೆ ಪೊರೆ ಕಳಚುವುದು, ರೂಪಾಂತರ ಮುಗಿಸಿದವು ಒಂದರ ಹಿಂದೆ ಒಂದು ಸಾಯುವುದು: ಇಂಥದ್ದು ಕಂಡರೆ ಲೆಕ್ಕವೇ ಬೇರೆ. ಚರ್ಮದ ಸ್ವಾಬ್ ತೆಗೆಸಿ ಪಿಸಿಆರ್ ಮಾಡಿಸಿ, ಬಿಸಾಲ್ ಮತ್ತು ಅದರ ಅಣ್ಣನಾದ 'ಬಿ.ಡಿ.' (Bd) ಎಂಬ ಶಿಲೀಂಧ್ರ, ಎರಡಕ್ಕೂ. ಬಿ.ಡಿ. ಬೆಳೆಯುವುದು ಗಡುಸಾದ ಹೊರಚರ್ಮದಲ್ಲಿ. ಆದ್ದರಿಂದಲೇ ಮರಿಯಲ್ಲಿ ಅಡಗಿದ್ದು ರೂಪಾಂತರದ ಹೊತ್ತಿಗೆ ತಲೆ ಎತ್ತಬಹುದು. ಫಲಿತಾಂಶ ಬರುವವರೆಗೆ ಆ ಡಬ್ಬಿಯ ಒಂದು ತೊಟ್ಟು ನೀರನ್ನೂ ತೋಟಕ್ಕೆ, ಕೊಳಕ್ಕೆ ಚೆಲ್ಲಬೇಡಿ. ಬಲೆ, ಚಿಮುಟ ಬ್ಲೀಚಿನಲ್ಲಿ ಅದ್ದಿ, ತೊಳೆದು, ಪೂರ್ತಿ ಒಣಗಿಸಿ.

ಈಗ ತಪ್ಪಿನ ಮೂಲ. ಹನ್ನೊಂದು ವಾರ ಏನು ತಿನ್ನಿಸಿದಿರಿ ಎಂದು ನೀವು ಬರೆದಿಲ್ಲ, ಪತ್ರದಲ್ಲಿ ನನಗೆ ಬೇಕಾಗಿದ್ದುದು ಅದೇ. ಆಗಷ್ಟೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿ) ಮರಿ ಮೊದಲ ಮೂರು ವಾರಕ್ಕೆ ಸರಿ. ಹಿಂಗಾಲು ಮೂಡಿದ ಮೇಲೂ ಅದನ್ನೇ ಕೊಟ್ಟರೆ ಅದನ್ನು ಹಿಡಿಯಲು ಮರಿ ಖರ್ಚು ಮಾಡುವಷ್ಟು ಶಕ್ತಿಯೂ ಅದರಿಂದ ಹುಟ್ಟುವುದಿಲ್ಲ. ಆಗ ಡಾಫ್ನಿಯಾ (ನೀರಿನ ಚಿಗಟ), ಕತ್ತರಿಸಿದ ಬ್ಲ್ಯಾಕ್‌ವರ್ಮ್ (ನೀರಿನ ತೆಳು ಹುಳ), ಎರೆಹುಳದ ಚೂರು ಕೊಡಬೇಕು. ಬರೀ ಬ್ಲಡ್‌ವರ್ಮ್ (ನೀರಿನಲ್ಲಿರುವ ಕೆಂಪು ನೊಣಮರಿ) ಮೇಲೆ ಬೆಳೆಸಿದರೆ ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗುತ್ತದೆ. ಸೆಕೆಯಲ್ಲಿ ಬೇಗ ಬೆಳೆದ ಮರಿ ಸಣ್ಣದಾಗಿಯೇ ರೂಪಾಂತರಕ್ಕೆ ಇಳಿಯುತ್ತದೆ. ಕರಗಿಸಿಕೊಳ್ಳಲು ಮೈಯಲ್ಲಿ ಏನೂ ಇಲ್ಲದ ಮರಿ ಆ ಉಪವಾಸ ದಾಟುವುದಿಲ್ಲ, ನೀವು ಯಾವ ಬಾಟಲಿ ತೆರೆದರೂ.

ದಾಟಿದವಕ್ಕೆ ಕಿವಿರು ಪೂರ್ತಿ ಹೋದ ಮೂರನೆಯ ದಿನದಿಂದ ಸ್ಪ್ರಿಂಗ್‌ಟೇಲ್ (ಮಣ್ಣಿನ ಪುಟ್ಟ ಜಿಗಿಹುಳ), ಹಾರಲಾರದ ಹಣ್ಣಿನ ನೊಣ ಬಿಡಿ. ನೊಣಕ್ಕೆ ಕ್ಯಾಲ್ಸಿಯಂ ಪುಡಿ ಸವರಿ. ಈ ಜಾತಿಯ ಎಳೆಯವು ದೀರ್ಘ ಕಾಲ ನೆಲದ ಮೇಲೇ ಇರುತ್ತವೆ, ಪ್ರೀತಿಯಿಂದ ಮತ್ತೆ ನೀರಿಗೆ ಹಾಕಬೇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಇವುಗಳ ಚರ್ಮದಲ್ಲಿ ಟೆಟ್ರೊಡೋಟಾಕ್ಸಿನ್ ಎಂಬ ವಿಷ ಇದೆ.

ಪ್ರಶ್ನೆ: ಸ್ಪೇನಿನ ರಿಬ್ಡ್ ನ್ಯೂಟ್ ಮರಿಗೂ ದಡ ಮಾಡಬೇಕೇ?

ಉತ್ತರ: ಅದು ರೂಪಾಂತರದ ನಂತರವೂ ನೀರಿನಲ್ಲೇ ಇರುತ್ತದೆ. ಆದರೂ ಆ ಎರಡು ವಾರ ನೀರು ತಗ್ಗಿಸಿ, ತೇಲುವ ಬೆಂಡು ಒಂದು ಹಾಕಿ.

ಪ್ರಶ್ನೆ: ಅರಿಶಿನ, ಬೇವಿನ ಕಷಾಯ ಹಾಕಬಹುದೇ? ನಂಜು ನಿವಾರಕವಲ್ಲವೇ?

ಉತ್ತರ: ಸಾರಿಗೆ ಹಾಕಿ. ಅರಿಶಿನದ ಪುಡಿ ಕರಗುವುದಿಲ್ಲ, ಕಿವಿರಿನ ಎಳೆಗಳ ಮೇಲೆ ಕೂರುತ್ತದೆ. ಬೇವು ಕೀಟನಾಶಕ.

ಪ್ರಶ್ನೆ: ಬೇಯಿಸಿದ ಪಾಲಕ್ ಕೊಟ್ಟು ಸಾಕುತ್ತಿರುವ ನ್ಯೂಟ್ ಮರಿಗೆ ಮುಂಗಾಲು ಮೊದಲು ಬಂದಿದೆ. ಅಂಗವಿಕಲವೇ?

ಉತ್ತರ: ಹಿಂಗಾಲು ಮೊದಲು ಬರುವುದು ಕಪ್ಪೆ ಮರಿಗೆ. ನ್ಯೂಟ್‌ಗೆ ಇದೇ ಸರಿ. ಮತ್ತೆ, ಬೇಯಿಸಿದ ಪಾಲಕ್ ಕೊಡುವುದನ್ನು ನಿಲ್ಲಿಸಿ, ಇವು ಹುಟ್ಟಿದಂದಿನಿಂದ ಮಾಂಸಾಹಾರಿಗಳು, ಅಲುಗಾಡುವುದನ್ನೇ ಹಿಡಿಯುತ್ತವೆ.

ಪ್ರಶ್ನೆ: ಮಾರ್ಬಲ್ಡ್ ನ್ಯೂಟ್ ಮೊಟ್ಟೆಗಳಲ್ಲಿ ಪ್ರತಿ ಸಲ ಅರ್ಧ ಸಾಯುತ್ತವೆ. ನೀರು ಬದಲಿಸಿಯೂ ನೋಡಿದೆ.

ಉತ್ತರ: ನೀರಿನ ತಪ್ಪಲ್ಲ, ಮಾರ್ಬಲ್ಡ್ ನ್ಯೂಟ್ ಸೇರಿದ ಟ್ರಿಟುರಸ್ ಕುಲದ ಹಣೆಬರಹ. ಅವುಗಳ ಒಂದನೆಯ ವರ್ಣತಂತುವಿಗೆ ಎರಡು ರೂಪಗಳಿವೆ. ಎರಡೂ ಒಂದೊಂದು ಸಿಕ್ಕ ಭ್ರೂಣ ಬದುಕುತ್ತದೆ, ಒಂದೇ ರೂಪ ಎರಡು ಸಿಕ್ಕದ್ದು ಬಾಲ ಮೂಡುವ ಹೊತ್ತಿಗೆ ಸಾಯುತ್ತದೆ. ಅರ್ಧ ಉಳಿದರೆ ನೂರಕ್ಕೆ ನೂರು ಉಳಿಸಿದಂತೆಯೇ.

ಪ್ರಶ್ನೆ: ಟಿಂಚರ್ ಅಯೋಡಿನ್ ಹನಿ ಹಾಕಿದರೆ ಆಕ್ಸೊಲಾಟಲ್ ನೆಲಕ್ಕೆ ಬರುತ್ತದಂತೆ?

ಉತ್ತರ: 1912ರಲ್ಲಿ ವಿಜ್ಞಾನಿ ಗುಡರ್ನಾಚ್ ಕಪ್ಪೆ ಮರಿಗಳಿಗೆ ಥೈರಾಯ್ಡ್ ಗ್ರಂಥಿ (ಅದರ ಹಾರ್ಮೋನಿನಲ್ಲಿ ಅಯೋಡಿನ್ ಇದೆ) ತಿನ್ನಿಸಿ ಬೇಗ ರೂಪಾಂತರ ಮಾಡಿಸಿದ್ದರು, ಆ ಸುದ್ದಿ ಕಿವಿಯಿಂದ ಕಿವಿಗೆ ಹೋಗಿ ನಿಮ್ಮ ಮನೆಯ ಟಿಂಚರ್ ಬಾಟಲಿಗೆ ಬಂದು ನಿಂತಿದೆ. ಟಿಂಚರ್ ಎಂದರೆ ಅಯೋಡಿನ್ ಜೊತೆ ಮದ್ಯಸಾರ. ಪ್ರಾಣಿ ನೆಲಕ್ಕೆ ಬರುವುದಿಲ್ಲ, ಮಣ್ಣಿಗೆ ಹೋಗುತ್ತದೆ.

ಪ್ರಶ್ನೆ: ಕೊಡಗಿನ ತೋಡಿನಲ್ಲಿ ಹಾವಿನ ಮರಿಯಂತೆ ಉದ್ದದ, ಕಾಲಿಲ್ಲದ ನೀರಿನ ಪ್ರಾಣಿ ಸಿಕ್ಕಿತು. ನ್ಯೂಟ್ ಮರಿಯೇ?

ಉತ್ತರ: ಪಶ್ಚಿಮ ಘಟ್ಟದಲ್ಲಿ ನ್ಯೂಟ್ ಇಲ್ಲ. ಭಾರತದಲ್ಲಿ ಇರುವುದು ಪೂರ್ವ ಹಿಮಾಲಯ, ಈಶಾನ್ಯದ ಕಡೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಅದನ್ನು ಕಾಪಾಡುತ್ತದೆ, ಡಾರ್ಜಿಲಿಂಗ್‌ನಿಂದ ಬಾಟಲಿಯಲ್ಲಿ ತರುವ ಯೋಚನೆ ಇರುವವರು ಇದನ್ನೂ ಓದಿಕೊಳ್ಳಿ. ನಿಮಗೆ ಸಿಕ್ಕಿದ್ದು ಸಿಸಿಲಿಯನ್ (ಎರೆಹುಳದಂಥ, ಕಾಲಿಲ್ಲದ ಉಭಯವಾಸಿ) ಲಾರ್ವ ಇರಬಹುದು, ಹಾವುಮೀನೂ ಇರಬಹುದು. ಎತ್ತಿದ ಜಾಗಕ್ಕೇ ಬಿಡಿ.

ಪ್ರಶ್ನೆ: ಇಂಗ್ಲೆಂಡಿನ ನಮ್ಮ ಮನೆಯ ಕೊಳದಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಮರಿಗಳಿವೆ. ಚಳಿಗಾಲಕ್ಕೆ ಒಳಗೆ ತಂದು ಸಾಕಲೇ?

ಉತ್ತರ: ಪರವಾನಗಿ ಇಲ್ಲದೆ ಅದನ್ನು ಹಿಡಿಯುವುದೂ ಅಪರಾಧ, ಮೊಟ್ಟೆ ತೆಗೆಯುವುದೂ ಅಪರಾಧ. ಕೊಳದಲ್ಲಿ ಮೀನು ಇದ್ದರೆ ಅದನ್ನು ಬೇಕಾದರೆ ತೆಗೆಯಿರಿ, ಮರಿ ತಿನ್ನುವುದು ಅದೇ.