ಟಿವಿ ಕ್ವಿಜ್‌ನಲ್ಲಿ ಗೊತ್ತಿರುವ ಉತ್ತರವೂ ಯಾಕೆ ತಪ್ಪುತ್ತದೆ?

ಮನೆಯಲ್ಲಿ ಕೂತು ನೋಡುವಾಗ ಪಟಪಟ ಅಂತ ಉತ್ತರ ಬರುತ್ತದೆ, ಸ್ಪರ್ಧೆಗೆ ಕೂತರೆ ತಪ್ಪುತ್ತದೆ, ಎರಡು ವಾರದಲ್ಲಿ ಆಡಿಷನ್ ಇದೆ, ಕಷ್ಟದ ಪ್ರಶ್ನೆಗೆ ತಯಾರಿ ಹೇಗೆ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೋಲಾರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಚಂದನದಲ್ಲಿ 2002ರಲ್ಲಿ ‘ಥಟ್ ಅಂತ ಹೇಳಿ’ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟ ಟಿವಿ ಮುಂದೆಯೇ. ನಾ. ಸೋಮೇಶ್ವರ ಅವರು ಪ್ರಶ್ನೆ ಓದಿದರೆ ಅಪ್ಪ ತುತ್ತು ಕೈಯಲ್ಲೇ ಹಿಡಿದು ಯೋಚಿಸುತ್ತಿದ್ದರು. ಸರಿ ಉತ್ತರಕ್ಕೆ ಪುಸ್ತಕ ಕೊಡುವುದನ್ನು ನೋಡಿ ನನಗೂ ಒಂದು ದಿನ ಅಲ್ಲಿ ಕೂರಬೇಕು ಅನ್ನಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ಬೇರೊಂದು ಚಾನೆಲ್‌ನ ಕ್ವಿಜ್‌ಗೆ ಆಯ್ಕೆಯಾದೆ. ಕೊನೆಯ ಸುತ್ತು ಬಜರ್ ಸುತ್ತು. ಲೈಟುಗಳ ಬಿಸಿಗೆ ಕುತ್ತಿಗೆ ಬೆವೆತಿತ್ತು, ಹೆಬ್ಬೆರಳು ಬಜರ್ ಮೇಲೆ ನಡುಗುತ್ತಿತ್ತು. ‘ಡಿ.ವಿ.ಜಿ. ಅವರ ಹೆಸರಿನಲ್ಲಿರುವ ಊರು...’ ಅಂತ ಪ್ರಶ್ನೆ ಶುರುವಾಯಿತು. ಒತ್ತಿಬಿಟ್ಟೆ. ‘ದೇವನಹಳ್ಳಿ’ ಅಂದೆ. ಆಮೇಲೆ ಪೂರ್ತಿ ಪ್ರಶ್ನೆ ಓದಿದರು: ‘ಹೆಸರಿನಲ್ಲಿರುವ ಊರು ದೇವನಹಳ್ಳಿ. ಆದರೆ ಅವರು ಹುಟ್ಟಿದ್ದು ಎಲ್ಲಿ?’ ಉತ್ತರ ಮುಳಬಾಗಿಲು. ನಮ್ಮದೇ ಜಿಲ್ಲೆ. ಕೋಲಾರದಿಂದ ಬಸ್ ಹತ್ತಿದರೆ ಒಂದು ಗಂಟೆಯೂ ಬೇಡ. 1887ರಲ್ಲಿ ಅವರು ಅಲ್ಲಿ ಹುಟ್ಟಿದ್ದು ಅಂತ ನಾನೇ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ! ಆವತ್ತು ರಾತ್ರಿ ವಾಪಸ್ ಬರುವಾಗ ಹೊಸಕೋಟೆ ದಾಟುವವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ.

ನನಗೆ ಅರ್ಥವಾಗಿದ್ದು ಇಷ್ಟು. ಗೊತ್ತೇ ಇಲ್ಲದ ಪ್ರಶ್ನೆ ಬಂದರೆ ನಾವು ಸುಮ್ನೆ ಪಾಸ್ ಮಾಡುತ್ತೇವೆ, ನಷ್ಟ ಕಡಿಮೆ. ಅರ್ಧ ಗೊತ್ತಿರುವ ಪ್ರಶ್ನೆಯಲ್ಲೇ ಜಾಸ್ತಿ ಜನ ಬೀಳುವುದು. ಪ್ರಶ್ನೆ ಮಾಡುವವರಿಗೆ ನಮ್ಮ ಬಾಯಿಗೆ ಮೊದಲು ಬರುವ ಉತ್ತರ ಯಾವುದು ಅಂತ ಚೆನ್ನಾಗಿ ಗೊತ್ತು. ಪ್ರಶ್ನೆ ಕಟ್ಟುವುದೇ ಅದರ ಪಕ್ಕದಲ್ಲಿ. ಮಾಸ್ತಿಯವರ ವಿಷಯದಲ್ಲೂ ಹೀಗೇ ಕೇಳಬಹುದು. ಊರ ಹೆಸರು ಮಾಸ್ತಿ, ಹುಟ್ಟಿದ್ದು ಹುಂಗೇನಹಳ್ಳಿ. ಎರಡೂ ಮಾಲೂರು ತಾಲ್ಲೂಕೇ.

ಹಾಗಾದರೆ ನಿಜವಾಗಲೂ ಕಷ್ಟದ ಪ್ರಶ್ನೆ ಬಂದರೆ? 2011ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ 5 ಕೋಟಿ ಗೆದ್ದರಲ್ವಾ, ಆ ಕೊನೆಯ ಪ್ರಶ್ನೆ ತೆಗೆದುಕೊಳ್ಳಿ. 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿ ಭಾರತದಿಂದ ಹೊರಟ ದೇಶ ಯಾವುದು? ಬೆಲ್ಜಿಯಂ, ಇಟಲಿ, ಡೆನ್ಮಾರ್ಕ್, ಫ್ರಾನ್ಸ್. ಅವರು ಹೇಗೆ ಯೋಚಿಸಿದರೋ ಅದು ಬೇರೆ. ನಾನು ಕ್ಲಾಸಿನಲ್ಲಿ ಬಿಡಿಸುವುದು ಹೀಗೆ: ಫ್ರೆಂಚರು ಪಾಂಡಿಚೇರಿಯಲ್ಲಿ 1954ರವರೆಗೂ ಇದ್ದರು, ಅದನ್ನು ತೆಗೆಯಿರಿ. ಇಟಲಿ ಒಂದು ದೇಶವಾಗಿದ್ದೇ 1861ರಲ್ಲಿ. ಬೆಲ್ಜಿಯಂ ಹುಟ್ಟಿದ್ದು 1830ರಲ್ಲಿ. ಇಷ್ಟು ಹೊಸ ದೇಶಗಳಿಗೆ ಭಾರತದಲ್ಲಿ ಮಾರಿ ಹೋಗುವಂಥ ಹಳೆಯ ನೆಲೆ ಇರುವುದು ಅನುಮಾನ, ಅವನ್ನೂ ಬಿಡಿ. ಇನ್ನು ತಮಿಳುನಾಡಿನ ತರಂಗಂಬಾಡಿಯಲ್ಲಿ ಸಮುದ್ರದ ಪಕ್ಕ ಒಂದು ಹಳೆಯ ಕೋಟೆ ಇದೆ. ಕಟ್ಟಿದ್ದು ಡೆನ್ಮಾರ್ಕಿನವರು, 1620ರ ಸುಮಾರಿಗೆ. 1845ರಲ್ಲಿ ಅದನ್ನೂ ಬ್ರಿಟಿಷರಿಗೇ ಮಾರಿದರು. ಆ ಕೋಟೆ ಗೊತ್ತಿದ್ದವರಿಗೆ ನಿಕೋಬಾರ್ ಗೊತ್ತಿಲ್ಲದಿದ್ದರೂ ದಾರಿ ಸಿಗುತ್ತದೆ.

ಅದಕ್ಕೇ ಪಟ್ಟಿ ಉರು ಹೊಡೆಯಬೇಡಿ ಅಂತ ನಾನು ಹೇಳುವುದು. ರಾಜಧಾನಿ, ಕರೆನ್ಸಿ, ಮೊದಲ ಮಹಿಳೆ, ಮೊದಲ ಪುರುಷ ಎಲ್ಲ ಪರೀಕ್ಷೆ ಮುಗಿದ ಮಾರನೇ ದಿನ ಮರೆತುಹೋಗುತ್ತವೆ. ಒಂದು ವಿಷಯದ ಹಿಂದೆ ಮುಂದೆ ಏನಿತ್ತು ಅಂತ ಕೇಳಿಕೊಳ್ಳಿ.

ಹೋದ ವರ್ಷ ಒಂಬತ್ತನೇ ಕ್ಲಾಸಿನಲ್ಲಿ ಕೇಳಿದೆ: ‘ಕೋಲಾರದ ಚಿನ್ನದ ಗಣಿಗೆ ಮೊದಲು ಕರೆಂಟ್ ಬಂದಿದ್ದು ಯಾವ ಜಲಪಾತದಿಂದ? ಜೋಗ, ಗೋಕಾಕ, ಶಿವನಸಮುದ್ರ, ಹೊಗೇನಕಲ್.’ ಅರ್ಧ ಕ್ಲಾಸು ಒಟ್ಟಿಗೆ ‘ಜೋಗ ಸಾರ್’ ಅಂತ ಕೂಗಿತು. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಮಾತ್ರ ಕೈ ಎತ್ತಿ ತಿರುಗಿ ನನ್ನನ್ನೇ ಕೇಳಿದಳು: ‘ಯಾವ ವರ್ಷ ಸಾರ್?’ 1902 ಅಂದೆ. ಅವಳು ಗೋಡೆಯ ಮೇಲಿನ ಮ್ಯಾಪ್ ಹತ್ತಿರ ಹೋಗಿ ಬೆರಳಿಟ್ಟು ಅಳೆದಳು. ‘ಜೋಗ ತುಂಬಾ ದೂರ. ಆಗ ಅಷ್ಟು ದೂರ ತಂತಿ ಎಳೆಯೋದು ಕಷ್ಟ. ಶಿವನಸಮುದ್ರ’ ಅಂದಳು. ನನಗೆ ಆದ ಖುಷಿ ಹೇಳಲಾರೆ. ಆ ಲೈನೇ ಸುಮಾರು 147 ಕಿಲೋಮೀಟರ್. ಬೆಂಗಳೂರಿಗೆ ಅಲ್ಲಿಂದ ಕರೆಂಟ್ ಹೋಗಿದ್ದು 1905ರಲ್ಲಿ, ನಮ್ಮ ಗಣಿಯ ಆಮೇಲೆ. ಇದನ್ನು ಕೇಳಿದ ಮೇಲೆ ಆ ಮಕ್ಕಳು ಶಿವನಸಮುದ್ರವನ್ನು ಮರೆಯುವುದಿಲ್ಲ, ನೋಡಿ.

ನಿಮಗೆ ಉಳಿದಿರುವುದು ಎರಡು ವಾರ. ಹೊಸದು ತುಂಬಿಕೊಳ್ಳಲು ಹೋಗಬೇಡಿ. ಒಂದು ನೋಟ್‌ಬುಕ್ ಇಟ್ಟು, ತಪ್ಪಾದ ಉತ್ತರಗಳನ್ನು ಮಾತ್ರ ಬರೆಯಿರಿ. ಪಕ್ಕದಲ್ಲಿ ಆ ತಪ್ಪು ಉತ್ತರ ಯಾಕೆ ಬಾಯಿಗೆ ಬಂತು ಅಂತ ಒಂದು ಸಾಲು. ನನ್ನ ನೋಟ್‌ಬುಕ್ಕಿನ ಮೊದಲ ಸಾಲು ‘ದೇವನಹಳ್ಳಿ: ಅವಸರ’.

ಮತ್ತೆ ನಿಮ್ಮಷ್ಟಕ್ಕೆ ಮನಸ್ಸಿನಲ್ಲೇ ಓದಿಕೊಳ್ಳಬೇಡಿ. ಎದುರಿಗೆ ಒಬ್ಬರು ಕೂತು ಗಟ್ಟಿಯಾಗಿ, ನಿಧಾನವಾಗಿ ಓದಬೇಕು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಓದುತ್ತಾಳೆ. ಪ್ರಶ್ನೆ ಮುಗಿಯುವ ಮುಂಚೆ ನಾನು ಬಾಯಿ ತೆರೆದರೆ ಅವಳು ಪುಸ್ತಕ ಮುಚ್ಚಿ ಮೊದಲಿನಿಂದ ಶುರು ಮಾಡುತ್ತಾಳೆ.