ನಾಣ್ಯದ ಕಲೆ ತಿಕ್ಕಬಹುದೆ?

ಪ್ರಶ್ನೆ: ಅಮೆರಿಕದಿಂದ ಮಗ ತಂದ 2021ರ ಮೋರ್ಗನ್ ಡಾಲರ್ ಬೆಳ್ಳಿ ನಾಣ್ಯದ ಅಂಚು ಹಳದಿಯಾಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಲೆ? ಹಿಂಬದಿಯ ‘ಸಿಸಿ’ ಏನು?
– ಓದುಗರು, ಬಾಗಲಕೋಟೆ

ಉತ್ತರ: ಮುಟ್ಟಲೇಬೇಡಿ! ಆ ಹಳದಿ ಗಾಳಿಯ ಗಂಧಕ ಬೆಳ್ಳಿಗೆ ತಗುಲಿದ್ದು, ಕೊಳೆಯಲ್ಲ. ತಿಕ್ಕಿದರೆ ಕೂದಲೆಳೆಯ ಗೀರು ಬಿದ್ದು ಸಂಗ್ರಾಹಕರ ಬೆಲೆ ಹೋಗುತ್ತದೆ, ಉಳಿಯುವುದು ಸರಾಫರು ತೂಗುವ ಬೆಳ್ಳಿ ಮಾತ್ರ. ಮೆತ್ತನೆಯ ಪಿವಿಸಿ ಚೀಲ ಬೇಡ, ಅದರಿಂದ ಹಸಿರು ಜಿಗುಟು ಏಳುತ್ತದೆ. 38 ಮಿ.ಮೀ.ಗೆ ಹೊಂದುವ ಗಟ್ಟಿ ಡಬ್ಬಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಸಾಕು. ಹಿಡಿಯುವಾಗ ಅಂಚನ್ನಷ್ಟೇ ಹಿಡಿಯಿರಿ.

‘ಸಿಸಿ’ ಎಂದರೆ ಅಮೆರಿಕದ ಕಾರ್ಸನ್ ಸಿಟಿ ಟಂಕಸಾಲೆಯ ಗುರುತು. ಆ ಟಂಕಸಾಲೆ ಎಂದೋ ಮುಚ್ಚಿದೆ, ನಿಮ್ಮದು ಫಿಲಡೆಲ್ಫಿಯಾದಲ್ಲಿ ಅಚ್ಚಾದದ್ದು, ಗುರುತು ಅದರ ನೆನಪಿಗಷ್ಟೇ. 1921ರಲ್ಲಿ ಮೋರ್ಗನ್ ನಿಂತು ಪೀಸ್ ಡಾಲರ್ ಎಂಬ ನಾಣ್ಯ ಶುರುವಾದದ್ದರ ಶತಮಾನದ ನೆನಪಿನ ನಾಣ್ಯವಿದು. ಹಳೆಯದರಲ್ಲಿ ಬೆಳ್ಳಿ ಶೇ. 90, ಇದರಲ್ಲಿ ಶೇ. 99.9. ತೂಕ ಸುಮಾರು 26.7 ಗ್ರಾಂ ಬರದಿದ್ದರೆ ಅನುಮಾನಿಸಿ.