ಎಣ್ಣೆ ಬದಲಿಸುವ ಮುಂಚೆ ಡಿಫ್ ಸರಿಯಾಗಿ ಕಟ್ಟಿ: ಆರ್‌ಸಿ ಬಗ್ಗಿ ಓದುಗರ ಪ್ರಶ್ನೆಗಳು

ರಿಮೋಟ್‌ನಿಂದ ಓಡುವ ಆಫ್‌ರೋಡ್ ಬಗ್ಗಿಗಳ ಡಿಫರೆನ್ಶಿಯಲ್ (ಡಿಫ್, ಅಂದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಡಬ್ಬಿ) ಬಗ್ಗೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಬೇರೆ ಹೇಳದಿದ್ದರೆ 1/8 ಅಳತೆಯ, ಮೂರು ಡಿಫ್ ಇರುವ ಬಗ್ಗಿಯ ಮಾತು ಎಂದುಕೊಳ್ಳಿ.

ಪ್ರಶ್ನೆ: ಹೊಸ ಬಗ್ಗಿಯ ಕೈಪಿಡಿಯಲ್ಲಿ ಡಿಫ್ ಎಣ್ಣೆ 7-7-3 ಎಂದಿದೆ. ಹೀಗೆಂದರೇನು? ಮೂರಕ್ಕೂ ಒಂದೇ ಎಣ್ಣೆ ಹಾಕಿದರೆ ಆಗದೇ? (ದಾವಣಗೆರೆ)

ಕ್ರಮವಾಗಿ ಮುಂದಿನ, ನಡುವಿನ, ಹಿಂದಿನ ಡಿಫ್‌ಗಳ ಸಿಲಿಕೋನ್ ಎಣ್ಣೆಯ ಸ್ನಿಗ್ಧತೆ (ಮಂದತನ) ಅದು, ಸಾವಿರ ಸೆಂಟಿಸ್ಟೋಕ್ (ಮಂದತನದ ಮಾನ) ಲೆಕ್ಕದಲ್ಲಿ. ಅಂದರೆ 7000, 7000, 3000. ಏಳು ಸಾವಿರದ ಎಣ್ಣೆ ಹೆಚ್ಚುಕಡಿಮೆ ಜೋನಿಬೆಲ್ಲದಷ್ಟು ಮಂದ. ಶಾಕ್ ಅಬ್ಸಾರ್ಬರ್ ಎಣ್ಣೆಯ ಬಾಟಲಿ ಮೇಲೆ 30, 40, 50 ವೇಟ್ ಎಂದು ಇರುವುದು ಬೇರೆ ಅಳತೆ. 50 ವೇಟ್ ಎಣ್ಣೆ ಒಂದು ಸಾವಿರ ಸೆಂಟಿಸ್ಟೋಕ್ ಕೂಡ ಮುಟ್ಟುವುದಿಲ್ಲ, ಅದನ್ನು ಡಿಫ್‌ಗೆ ಹಾಕಬೇಡಿ.

ಮೂರಕ್ಕೂ ಒಂದೇ ಎಣ್ಣೆ ಹಾಕಿದರೂ ಗಾಡಿ ಓಡುತ್ತದೆ, ಆದರೆ ಮೂರರ ಕೆಲಸ ಒಂದೇ ಅಲ್ಲ. ಮುಂದಿನದೂ ಹಿಂದಿನದೂ ಎಡ-ಬಲ ಚಕ್ರಗಳ ನಡುವೆ ಬಲ ಹಂಚುತ್ತವೆ, ನಡುವಿನದು ಮುಂದು-ಹಿಂದಿನ ನಡುವೆ. ಹಿಂದೆ ತೆಳು ಎಣ್ಣೆ ಇರುವುದಕ್ಕೆ ಕಾರಣವಿದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು. ಡಿಫ್ ಬಿಗಿಯಿದ್ದರೆ ಅದಕ್ಕೆ ಆಸ್ಪದ ಸಿಗದೆ ಒಂದು ಟಯರ್ ಜಾರುತ್ತದೆ, ಬಗ್ಗಿಯ ಹಿಂಭಾಗ ಪಕ್ಕಕ್ಕೆ ಎಳೆಯುತ್ತದೆ.

ಪ್ರಶ್ನೆ: ಹಿಂದಿನ ಡಿಫ್ ಪ್ರತಿ ಸಲ ಸೋರುತ್ತದೆ. ಗ್ಯಾಸ್ಕೆಟ್ ಎರಡು ಸಲ ಬದಲಿಸಿದೆ. ಏನು ಮಾಡಲಿ? (ಹುಬ್ಬಳ್ಳಿ)

ಮೊದಲು ಎಲ್ಲಿಂದ ಸೋರುತ್ತಿದೆ ಎಂದು ಕಂಡುಕೊಳ್ಳಿ. ಡಿಫ್ ಹೊರಗೆ ತೆಗೆದು, ಒರೆಸಿ, ಒಂದು ಔಟ್‌ಡ್ರೈವ್ (ಡಿಫ್‌ನಿಂದ ಚಕ್ರದ ಕಡೆಗೆ ಹೊರಬರುವ ದಂಡ) ಕೆಳಗಾಗುವಂತೆ ಟಿಶ್ಯೂ ಮೇಲೆ ರಾತ್ರಿಯಿಡೀ ನಿಲ್ಲಿಸಿ, ಮರುದಿನ ಮಗುಚಿ ನಿಲ್ಲಿಸಿ. ಔಟ್‌ಡ್ರೈವ್ ಸುತ್ತ ಕಲೆಯಾದರೆ ತಪ್ಪು ಓ-ರಿಂಗ್‌ನದು (ದಂಡದ ಸುತ್ತಲಿನ ರಬ್ಬರ್ ಬಳೆ), ಗ್ಯಾಸ್ಕೆಟ್ ಎಷ್ಟು ಬದಲಿಸಿದರೂ ಉಪಯೋಗವಿಲ್ಲ. ಕ್ರೌನ್ ಗೇರ್ (ಡಿಫ್ ಡಬ್ಬಿಗೆ ಮುಚ್ಚಳದಂತೆ ಕೂರುವ ಹೊರಗಿನ ಗೇರ್) ಮತ್ತು ಡಬ್ಬಿ ಕೂಡುವ ಜಾಗದಲ್ಲಿ ಜಿನುಗಿದರೆ ಮಾತ್ರ ಗ್ಯಾಸ್ಕೆಟ್ ಅಥವಾ ಸ್ಕ್ರೂಗಳನ್ನು ಶಂಕಿಸಿ.

ಈಗ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿ. ಲೋಹದ ಭಾಗಗಳನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆಯಬಹುದು, ಆದರೆ ಅದು ತಾಗಿದರೆ ಓ-ರಿಂಗ್ ಉಬ್ಬುತ್ತದೆ. ಓ-ರಿಂಗ್‌ಗಳನ್ನು ಬರಿದೇ ಬಟ್ಟೆಯಿಂದ ಒರೆಸಿ. ಔಟ್‌ಡ್ರೈವ್ ದಂಡದ ಮೇಲೆ ಓ-ರಿಂಗ್ ಕೂರುವ ಕಡೆ ಉಗುರು ಆಡಿಸಿ ನೋಡಿ. ಗೀರು ಸಿಕ್ಕರೆ ಔಟ್‌ಡ್ರೈವನ್ನೇ ಬದಲಿಸಬೇಕು, ಏಕೆಂದರೆ ಆ ಗೀರು ಹೊಸ ಓ-ರಿಂಗ್ ಅನ್ನೂ ತಿನ್ನುತ್ತದೆ. ಒಳಗಿನ ಅಡ್ಡ ಪಿನ್‌ಗಳಲ್ಲಿ ಸವೆದ ತಗ್ಗು ಕಂಡರೆ ಅವೂ ಹೊಸವಾಗಲಿ.

ಓ-ರಿಂಗ್‌ಗೆಂದೇ ಸಿಗುವ ಗ್ರೀಸ್ ತೆಳುವಾಗಿ ಸವರಿ, ಔಟ್‌ಡ್ರೈವ್ ತೂರಿಸಿ, ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ), ಪಿನ್, ದೊಡ್ಡ ಗೇರ್ ಹೀಗೆ ಕೂರಿಸಿ. ನಂತರ ಎಣ್ಣೆ ಇಲ್ಲದೆಯೇ ಒಮ್ಮೆ ಮುಚ್ಚಿ ಕೈಯಿಂದ ತಿರುಗಿಸಿ. ಎಲ್ಲೂ ಕಚ್ಚಬಾರದು, ಗಡಗಡ ಆಡಲೂಬಾರದು. ಕಚ್ಚಿದರೆ ಒಂದು ಶಿಮ್ ಕಡಿಮೆ ಮಾಡಿ. ಬಹಳಷ್ಟು ಜನ ಈ ಹಂತ ಬಿಡುತ್ತಾರೆ. ಎಣ್ಣೆ ತುಂಬಿದ ಮೇಲೆ ಗೇರ್ ಕಚ್ಚುವುದೂ ಎಣ್ಣೆ ಮಂದವಾಗಿರುವುದೂ ಕೈಗೆ ಒಂದೇ ತರಹ ತೋರುತ್ತವೆ, ಆಗ ತಪ್ಪು ಗೊತ್ತೇ ಆಗುವುದಿಲ್ಲ.

ಡಬ್ಬಿ ಅರ್ಧ ತುಂಬುವಷ್ಟು ಎಣ್ಣೆ ಹಾಕಿ, ಗೇರ್ ತಿರುಗಿಸಿ, ಗುಳ್ಳೆ ಮೇಲೆ ಬರಲು ಹತ್ತು-ಹದಿನೈದು ನಿಮಿಷ ಬಿಡಿ. ಮಂದ ಎಣ್ಣೆಗೆ ಇನ್ನೂ ಹೆಚ್ಚು ಬೇಕು. ಮತ್ತೆ ತುಂಬಿ. ಅಡ್ಡ ಪಿನ್ ಮುಳುಗಿ, ಸಣ್ಣ ಗೇರ್‌ಗಳ ತುದಿ ಮಾತ್ರ ಇಣುಕಿದರೆ ಸಾಕು. ಅಂಚಿನವರೆಗೆ ತುಂಬುವುದೇ ಸೋರಿಕೆಗೆ ದೊಡ್ಡ ಕಾರಣ. ಬಿಸಿಗೆ ಹಿಗ್ಗಿದ ಎಣ್ಣೆಗೆ ಒಳಗೆ ಜಾಗವಿಲ್ಲದೆ ಓ-ರಿಂಗ್ ದಾಟಿಕೊಂಡು ಹೊರಬರುತ್ತದೆ. ಮುಚ್ಚುವಾಗ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಪ್ಲಾಸ್ಟಿಕ್ ಡಬ್ಬಿಯನ್ನು ಅತಿಯಾಗಿ ಬಿಗಿದರೆ ಅಂಚು ಸೊಟ್ಟಾಗಿ ಹೊಸ ಸೋರಿಕೆ ಶುರುವಾಗುತ್ತದೆ.

ಕಟ್ಟಿ ಮುಗಿದ ಡಿಫನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮುಂದಿನ ಸಲ ಅದೇ ತೂಕಕ್ಕೆ ತುಂಬಿದರೆ ಡಿಫ್ ಪ್ರತಿ ಸಲ ಒಂದೇ ತರಹ ನಡೆದುಕೊಳ್ಳುತ್ತದೆ. ಕಡಿಮೆ ತುಂಬಿದ 7000 ಎಣ್ಣೆಯ ಡಿಫ್ ಟ್ರ್ಯಾಕ್ ಮೇಲೆ ಅದಕ್ಕಿಂತ ತೆಳು ಎಣ್ಣೆ ಹಾಕಿದಂತೆಯೇ ವರ್ತಿಸುತ್ತದೆ.

ಪ್ರಶ್ನೆ: ಕ್ರೌನ್ ಗೇರ್ ಹಲ್ಲು ಪದೇ ಪದೇ ಮುರಿಯುತ್ತಿದೆ. (ಶಿವಮೊಗ್ಗ)

ಡಿಫ್‌ನ ಎರಡು ಬದಿಯ ಬೇರಿಂಗ್ ಪಕ್ಕದ ಶಿಮ್‌ಗಳು ಕ್ರೌನ್ ಗೇರನ್ನು ಪಿನಿಯನ್‌ಗೆ (ಅದನ್ನು ತಿರುಗಿಸುವ ಸಣ್ಣ ಗೇರ್) ಹತ್ತಿರ ಅಥವಾ ದೂರ ಇಡುತ್ತವೆ. 0.1 ಮತ್ತು 0.2 ಮಿ.ಮೀ. ಶಿಮ್ ಇಟ್ಟುಕೊಂಡು, ಒಂದು ಕಡೆ ತೆಗೆದಷ್ಟನ್ನು ಇನ್ನೊಂದು ಕಡೆ ಹಾಕುತ್ತ ಹೋಗಿ. ಗೇರ್ ಬಾಕ್ಸ್ ಮುಚ್ಚಿ, ಪೂರ್ತಿ ಬಿಗಿದು, ಕ್ರೌನ್ ಗೇರ್ ಒಂದು ಸುತ್ತು ತಿರುಗಿಸಿ ಅತಿ ಬಿಗಿಯಾದ ಜಾಗ ಹುಡುಕಿ. ಆ ಜಾಗದಲ್ಲೂ ಕೂದಲೆಳೆಯಷ್ಟು ಪ್ಲೇ (ಸಡಿಲ) ಉಳಿಯಬೇಕು. ಹಲ್ಲಿಗೆ ಮಾರ್ಕರ್ ಶಾಯಿ ಬಳಿದು ತಿರುಗಿಸಿದರೆ ಶಾಯಿ ಅಳಿಸಿದ ಕಡೆ ಗೇರ್ ಕೂಡುತ್ತಿದೆ ಎಂದರ್ಥ. ಅದು ಹಲ್ಲಿನ ತುದಿಯಲ್ಲಷ್ಟೇ ಇದ್ದರೆ ಹತ್ತಿರ ತನ್ನಿ.

ಶಿಮ್ ಸರಿಯಿದ್ದೂ ಮುರಿದರೆ ಪಿನಿಯನ್‌ನ ಬೇರಿಂಗ್ ನೋಡಿ. ಅದು ಸವೆದಾಗ ಭಾರ ಬಿದ್ದೊಡನೆ ಪಿನಿಯನ್ ಹಿಂದಕ್ಕೆ ಸರಿಯುತ್ತದೆ. ಜಿಗಿತದಲ್ಲಿ ಪೂರ್ತಿ ಥ್ರಾಟಲ್ ಒತ್ತಿಕೊಂಡೇ ಇಳಿಯುವ ಅಭ್ಯಾಸವಿದ್ದರೆ ಬಿಡಿ: ಗಾಳಿಯಲ್ಲಿ ಸುತ್ತುತ್ತಿದ್ದ ಚಕ್ರ ನೆಲಕ್ಕೆ ಬಡಿದಾಗ ಆ ಹೊಡೆತವೆಲ್ಲ ಒಂದೆರಡು ಹಲ್ಲಿನ ಮೇಲೆ.

ಪ್ರಶ್ನೆ: ಬೆಳಗ್ಗೆ ಚೆನ್ನಾಗಿ ಓಡಿದ ಬಗ್ಗಿ ಮಧ್ಯಾಹ್ನ ಸೋತುಹೋಗುತ್ತದೆ. ಥ್ರಾಟಲ್ ಕೊಟ್ಟರೆ ಮುಂದಿನ ಟಯರ್ ಉಬ್ಬುತ್ತವೆ, ಗಾಡಿ ಮುಂದೆ ಹೋಗುವುದಿಲ್ಲ. (ಕಲಬುರಗಿ)

ನಡುವಿನ ಡಿಫ್‌ನ ಎಣ್ಣೆ ತೆಳುವಾಗಿದೆ. ವೇಗ ಏರಿಸಿದಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರಾಗುತ್ತದೆ, ಡಿಫ್ ತಡೆಯದಿದ್ದರೆ ಬಲವೆಲ್ಲ ಆ ಹಗುರ ಚಕ್ರಗಳಿಗೇ ಹರಿಯುತ್ತದೆ. ಬಿಸಿಗೆ ಸಿಲಿಕೋನ್ ಎಣ್ಣೆ ತೆಳುವಾಗುತ್ತದೆ, ನಿಮ್ಮ ಕಡೆಯ ಬೇಸಿಗೆಯಲ್ಲಂತೂ ಖಂಡಿತ. ನಡುವಿಗೆ 7000 ಬದಲು 10,000 ಹಾಕಿ. ಹೆಚ್ಚು ಬಲ ಹಿಂದಿನ ಚಕ್ರಕ್ಕೆ ಹೋಗಿ ಗಾಡಿ ನೇರಕ್ಕೆ ಚಿಮ್ಮುತ್ತದೆ, ಆದರೆ ಥ್ರಾಟಲ್ ಒತ್ತಿದಾಗ ತಿರುವಿನಲ್ಲಿ ಅದರ ನಡವಳಿಕೆ ಸ್ವಲ್ಪ ಬದಲಾಗಬಹುದು.

ಇದು ಸರಿಯಾದ ಮೇಲೆ ಉಳಿದೆರಡನ್ನು ಮುಟ್ಟಿ, ಒಂದು ಸಲಕ್ಕೆ ಒಂದನ್ನೇ. ಮುಂದೆ ಮಂದ ಎಣ್ಣೆ ಹಾಕಿದರೆ ಥ್ರಾಟಲ್ ಕೊಟ್ಟಾಗ ತಿರುವಿನಿಂದ ಚೆನ್ನಾಗಿ ಎಳೆಯುತ್ತದೆ, ತಿರುವಿಗೆ ಹೊಕ್ಕುವಾಗ ಮಂಕಾಗುತ್ತದೆ. ತೆಳುವಾದರೆ ತದ್ವಿರುದ್ಧ. ಸಡಿಲ ಮಣ್ಣು, ಧೂಳಿನ ಟ್ರ್ಯಾಕ್‌ನಲ್ಲಿ ಹಿಂದಿನದನ್ನು 3000ದ ಹತ್ತಿರವೇ ಇಡಿ. ಕೃತಕ ಹುಲ್ಲಿನಂಥ ಹಿಡಿತದ ನೆಲದಲ್ಲಿ ಮೂರನ್ನೂ ಮಂದ ಮಾಡಬಹುದು. ಸಂಖ್ಯೆಯ ವ್ಯತ್ಯಾಸಕ್ಕೆ ಮೋಸಹೋಗಬೇಡಿ. 3000ದಿಂದ 5000ಕ್ಕೆ ಹೋಗುವುದು ದೊಡ್ಡ ಹೆಜ್ಜೆ, 10,000ದಿಂದ 12,000ಕ್ಕೆ ಹೋಗುವುದು ಗೊತ್ತಾಗದಷ್ಟು ಸಣ್ಣದು.

ಎರಡು ಎಣ್ಣೆಗಳ ನಡುವಿನ ಮಂದತನ ಬೇಕಾದರೆ ಒಂದೇ ಕಂಪನಿಯ ಎರಡು ಎಣ್ಣೆ ಬೆರೆಸಬಹುದು. 3000 ಮತ್ತು 10,000 ಸಮ ಪಾಲು ಬೆರೆಸಿದರೆ 6500 ಆಗುವುದಿಲ್ಲ, ಸುಮಾರು 5500 ಆಗುತ್ತದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಹತ್ತಿರದ ಉತ್ತರ ಸಿಗುತ್ತದೆ.

ಪ್ರಶ್ನೆ: 1/10 ಅಳತೆಯ ಎರಡು-ಚಕ್ರ-ಚಾಲನೆಯ ಬಗ್ಗಿಯಲ್ಲಿ ಬಾಲ್ ಡಿಫ್ (ಗೇರ್ ಬದಲು ಲೋಹದ ಬಿಲ್ಲೆಗಳ ನಡುವೆ ಗುಂಡುಗಳಿರುವ ಡಿಫ್) ಇದೆ. ಕೀಚ್ ಎನ್ನುತ್ತದೆ, ತಿರುಗಿಸಿದರೆ ಕರಕರ ಎನ್ನುತ್ತದೆ. (ಮಂಗಳೂರು)

ಕೀಚ್ ಎಂದರೆ ಡಿಫ್ ಜಾರುತ್ತಿದೆ. ಕರಕರ ಎನ್ನುವುದು ಹೆಚ್ಚಾಗಿ ಥ್ರಸ್ಟ್ ಬೇರಿಂಗ್ (ಬಿಗಿಯುವ ಸ್ಕ್ರೂವಿನ ಒತ್ತಡ ಹೊರುವ ಸಣ್ಣ ಬೇರಿಂಗ್). ಬಿಚ್ಚಿ ತೊಳೆಯಿರಿ. ಎರಡು ಲೋಹದ ಬಿಲ್ಲೆಗಳಲ್ಲಿ ಗುಂಡು ಓಡಿ ಕಾಲುವೆ ಬಿದ್ದಿದ್ದರೆ ಮಗುಚಿ ಹಾಕಿ, ಇಲ್ಲವೇ ಗಾಜಿನ ಮೇಲೆ 400 ನಂಬರಿನ ಎಮರಿ ಪೇಪರ್ ಇಟ್ಟು ವೃತ್ತಾಕಾರವಾಗಿ ಉಜ್ಜಿ. ಹೊಳಪು ಹೋಗಿ ಮಂಕಾಗಬೇಕು. ದೊಡ್ಡ ಗುಂಡುಗಳಿಗೆ ಸಿಲಿಕೋನ್ ಡಿಫ್ ಗ್ರೀಸ್, ಥ್ರಸ್ಟ್ ಬೇರಿಂಗಿನ ಸಣ್ಣ ಗುಂಡುಗಳಿಗೆ ಕಪ್ಪು ಮಾಲಿ (ಮಾಲಿಬ್ಡಿನಮ್) ಗ್ರೀಸ್. ಇವೆರಡು ಅದಲುಬದಲಾಗಬಾರದು: ದೊಡ್ಡ ಗುಂಡು ಹಿಡಿತದಿಂದಲೇ ಕೆಲಸ ಮಾಡುತ್ತದೆ, ಅದಕ್ಕೆ ಕಪ್ಪು ಗ್ರೀಸ್ ಹಚ್ಚಿದರೆ ಜಾರುತ್ತದೆ.

ಬಿಗಿಯುವಾಗ ಎಂಟನೇ ಒಂದು ಸುತ್ತಿನಂತೆ, ನಡುನಡುವೆ ಔಟ್‌ಡ್ರೈವ್ ತಿರುಗಿಸುತ್ತ, ಸ್ಪ್ರಿಂಗ್ ಪೂರ್ತಿ ಒತ್ತಿಕೊಳ್ಳುವವರೆಗೆ ಹೋಗಿ, ಅಲ್ಲಿಂದ ಎಂಟನೇ ಒಂದು ಸುತ್ತು ಸಡಿಲಿಸಿ. ಗಾಡಿಗೆ ಕೂರಿಸಿದ ಮೇಲೆ ಎರಡೂ ಹಿಂದಿನ ಚಕ್ರ ಗಟ್ಟಿಯಾಗಿ ಹಿಡಿದು ಸ್ಪರ್ ಗೇರ್ (ಮೋಟರ್ ತಿರುಗಿಸುವ ದೊಡ್ಡ ಗೇರ್) ದೂಡಿ. ಸ್ಲಿಪ್ಪರ್ ಕ್ಲಚ್ (ಹೊಡೆತ ಬಿದ್ದಾಗ ಜಾರಿ ಗೇರ್ ಉಳಿಸುವ ಭಾಗ) ಜಾರಬೇಕು, ಡಿಫ್ ಅಲ್ಲ. ಡಿಫ್ ಮೊದಲು ಜಾರಿದರೆ ಸ್ಲಿಪ್ಪರ್ ನಟ್ ಸಡಿಲಿಸಿ. ಇಲ್ಲದಿದ್ದರೆ ಒಂದೇ ಓಟದಲ್ಲಿ ಬಿಲ್ಲೆ ಸುಟ್ಟುಹೋದೀತು.

ಪ್ರಶ್ನೆ: ಟಮಿಯಾ ಕಂಪನಿಯ ಟಿಟಿ-02ಬಿ ಬಗ್ಗಿಯ ಡಿಫ್‌ಗೂ ಎಣ್ಣೆ ಹಾಕಬಹುದೇ? (ಮೈಸೂರು)

ಕಿಟ್‌ನೊಂದಿಗೆ ಬರುವ ಡಿಫ್‌ಗೆ ಸೀಲ್ ಇಲ್ಲ, ಎಣ್ಣೆ ನಿಲ್ಲದು. ಗಟ್ಟಿ ಗ್ರೀಸ್ ತುಂಬಿ, ಇಲ್ಲವೇ ಬೇರೆಯಾಗಿ ಸಿಗುವ ಆಯಿಲ್ ಡಿಫ್ ಕೊಳ್ಳಿ.

ಪ್ರಶ್ನೆ: ಎಣ್ಣೆ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? (ಬೆಂಗಳೂರು)

ಹೊಸ ಡಿಫ್‌ನಲ್ಲಿ ಗೇರ್ ಪಳಗುವಾಗ ಲೋಹದ ಪುಡಿ ಬೇಗ ಸೇರುತ್ತದೆ, ಹಾಗಾಗಿ ಮೊದಲ ಸಲ ಬೇಗ ಬಿಚ್ಚಿ. ಆಮೇಲೆ ದಿನಕ್ಕಿಂತ ಬಣ್ಣ ನೋಡಿ ನಿರ್ಧರಿಸಿ. ನೀರಿನಂತೆ ತಿಳಿಯಾಗಿದ್ದ ಎಣ್ಣೆ ಬೂದು ಬಣ್ಣಕ್ಕೆ ತಿರುಗಿದರೆ ಬದಲಿಸಿ. ಹೆಚ್ಚು ಬಿಸಿಯಾಗುವುದು ನಡುವಿನ ಡಿಫ್, ಅದನ್ನೇ ಮೊದಲು ತೆರೆಯಿರಿ.